ಸಾವಿರ ವರ್ಷದ ಸಿಮೆಂಟು, ಸತ್ಯಭಾಮಾ ಅವರ ನಿವೃತ್ತಿ

ಸತ್ಯಭಾಮಾ ಮಾಡುವ ಕೆಲಸ ಏನೆಂದು ಜಯನಗರದ ಅವರ ಬಂಧುಬಳಗಕ್ಕೆ ಕೊನೆಗೂ ತಿಳಿಯಲಿಲ್ಲ. ಮದುವೆ ಮನೆಗಳಲ್ಲಿ ಯಾರಾದರೂ ಕೇಳಿದರೆ ಗಂಡ ತಿರುಮಲೇಶ 'ಸಿಮೆಂಟ್ ಕಡೆ' ಎಂದು ಮಾತು ಮುಗಿಸುತ್ತಿದ್ದರು. ಕೇಳಿದವರು ಮಹಡಿ ಕಟ್ಟಿಸಲು ಅಗ್ಗಕ್ಕೆ ನಾಲ್ಕು ಮೂಟೆ ಸಿಕ್ಕೀತೇ ಎಂದು ವಿಚಾರಿಸುತ್ತಿದ್ದರು.

ಸತ್ಯಭಾಮಾ ಇದ್ದದ್ದು ಜೆ.ಪಿ. ನಗರದ ಒಂದು ಖಾಸಗಿ ಪ್ರಯೋಗಾಲಯದಲ್ಲಿ. ಕಾರ್ಖಾನೆಯ ಹೊಗೆಯಿಂದ ಹಿಡಿದ ಇಂಗಾಲದ ಡೈಆಕ್ಸೈಡನ್ನು ಪಾತಾಳದ ಬಂಡೆಗಳಲ್ಲಿ ತುಂಬಿ, ಅದಕ್ಕೆಂದು ಕೊರೆದ ಬಾವಿಗೆ ಸಿಮೆಂಟಿನ ಬಿರಡೆ ಜಡಿಯುತ್ತಾರಂತೆ. ಆ ಅನಿಲ ಕೆಳಗಿನ ನೀರಿಗೆ ಬೆರೆತು ಹುಳಿಯಾಗುತ್ತದೆ. ಹುಳಿ ಸಿಮೆಂಟನ್ನು ತಿನ್ನುತ್ತದೆ. ಎಷ್ಟು ಬೇಗ ತಿನ್ನುತ್ತದೆ ಎಂದು ನೋಡುವುದೇ ಸತ್ಯಭಾಮಾ ಅವರ ಕೆಲಸ. ಹೆಬ್ಬೆರಳು ಗಾತ್ರದ ಸಿಮೆಂಟ್ ತುಂಡುಗಳು ಉಕ್ಕಿನ ಪಾತ್ರೆಯೊಳಗೆ ಉಪ್ಪುನೀರು, ಅನಿಲ, ಬಿಸಿ, ಒತ್ತಡಗಳ ನಡುವೆ ಕೂತಿರುತ್ತಿದ್ದವು. ವರ್ಷಕ್ಕೊಂದನ್ನು ತೆಗೆದು, ಕೊಯ್ದು, ಅದರ ಮೇಲೆ ಬಣ್ಣ ತೋರಿಸುವ ದ್ರಾವಣ ಹನಿಸುತ್ತಿದ್ದರು. ಕೆಡದ ಒಡಲು ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು, ಅನಿಲ ಮುಟ್ಟಿದ ಅಂಚು ಬೂದು ಬಣ್ಣದಲ್ಲೇ ಉಳಿಯುತ್ತಿತ್ತು. ಮೊದಲ ವರ್ಷ ಅಂಚು ಒಂದು ಮಿಲಿಮೀಟರು, ನಾಲ್ಕನೆಯ ವರ್ಷ ಎರಡು, ಒಂಬತ್ತನೆಯ ವರ್ಷ ಮೂರು. ಹೋಗ್ತಾ ಹೋಗ್ತಾ ಸೋಮಾರಿಯಾಗುವ ಹುಳಿ. ಸಾವಿರ ವರ್ಷಕ್ಕೆ ಮೂವತ್ತೆರಡು ಮಿಲಿಮೀಟರು ದಾಟದು ಎಂದು ಅವರು ಲೆಕ್ಕ ಹಾಕಿದ್ದರು.

ಅರವತ್ತು ತುಂಬಿದ ದಿನ ಹಾರ, ಶಾಲು, ಮೈಸೂರು ಪಾಕ್ ಎಲ್ಲ ಆಯಿತು. ಬಿಡುಗಡೆ ಪತ್ರ ಮಾತ್ರ ಬರಲಿಲ್ಲ. ಸಿಬ್ಬಂದಿ ವಿಭಾಗದ ಇಂಚರ ಕಂಪ್ಯೂಟರ್ ತಿರುಗಿಸಿ ತೋರಿಸಿದಳು.

"ಮೇಡಂ, ನಿಮ್ಮ ಹೆಸರಲ್ಲಿ ಒಂದು ಟೆಸ್ಟ್ ಪೆಂಡಿಂಗ್ ಇದೆ. ಮುಗಿಯೋವರೆಗೂ ರಿಲೀವ್ ಮಾಡೋಕಾಗಲ್ಲ."

"ಯಾವಾಗ ಮುಗಿಯತ್ತೆ ಅಂತಿದೆ?"

"ಮೂರು ಸಾವಿರದ ಹದಿನಾರು, ಜೂನ್. ಭಾನುವಾರ ಬಿದ್ದಿದೆ, ಸೋಮವಾರಕ್ಕೆ ಹಾಕ್ಕೊಡ್ತೀನಿ."

ಸಿಮೆಂಟು ಸಾವಿರ ವರ್ಷ ಬಾಳಬೇಕೆಂದು ಗಿರಾಕಿ ಕೇಳಿದ್ದ. ಅದನ್ನು ಯಾರೋ ಪರೀಕ್ಷೆಯ ಅವಧಿ ಎಂದೇ ತುಂಬಿಬಿಟ್ಟಿದ್ದರು. ತಿದ್ದುವ ಅಧಿಕಾರ ಯಾರಿಗೂ ಇರಲಿಲ್ಲ. ಬೇರೆಯವರಿಗೆ ವಹಿಸಬಹುದಿತ್ತು, ಆದರೆ ವಹಿಸಿಕೊಳ್ಳುವವರು ಪರೀಕ್ಷೆ ಮುಗಿಯುವ ಮೊದಲು ನಿವೃತ್ತರಾಗಬಾರದು. ಎಲ್ಲರಿಗಿಂತ ಚಿಕ್ಕವನಾದ ಸುಮೇಧನ ಹೆಸರು ಕೊಟ್ಟು ನೋಡಿದರು. ಇಪ್ಪತ್ಮೂರರ ಹುಡುಗನನ್ನು ಕಂಪ್ಯೂಟರು ವಯಸ್ಸಾಯಿತೆಂದು ತಳ್ಳಿಹಾಕಿತು.

ಎರಡು ವಾರ ಸತ್ಯಭಾಮಾ ಶಾಲು ಹೊದಿಸಿಕೊಂಡ ಮೇಲೂ ಆಫೀಸಿಗೆ ಹೋದರು. ಮೊದಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಕೊನೆಗೊಂದು ಬೆಳಿಗ್ಗೆ ಗೇಟಿನ ಪಕ್ಕದ ಕಲ್ಲಿನ ಗಣಪತಿಗೆ ಕೈಮುಗಿಯುತ್ತ ನಿಂತವರು ನೇರ ಇಂಚರಳ ಮೇಜಿಗೆ ಹೋದರು.

"ಗೇಟಿನ ಗಣಪತೀನ ಹಾಕು. ಅವನು ರಿಟೈರ್ ಆಗಲ್ಲ."

ಇಂಚರ ನಗಲಿಲ್ಲ. ಹುಟ್ಟಿದ ದಿನ ಯಾವುದು ಎಂದಳು. ಭಾದ್ರಪದ ಶುದ್ಧ ಚೌತಿ ಎಂದರು. ಇಸವಿ ಗೊತ್ತಿಲ್ಲದ್ದರಿಂದ ಆ ಜಾಗ ಖಾಲಿ ಉಳಿಯಿತು. ಇಸವಿ ಇಲ್ಲದವನಿಗೆ ಕಂಪ್ಯೂಟರು ವಯಸ್ಸು ಲೆಕ್ಕ ಹಾಕಲಾರದೆ ಒಪ್ಪಿಕೊಂಡಿತು. ಗಣಪತಿಗೆ ಸಿಬ್ಬಂದಿ ಸಂಖ್ಯೆ ಬಂತು, ಸತ್ಯಭಾಮಾ ಅವರಿಗೆ ಪತ್ರ ಬಂತು.

ಮನೆಯಲ್ಲಿ ಮೂರು ವಾರ ಕಳೆದವು. ತಿರುಮಲೇಶರ ಜೊತೆ ಬೆಳಗಿನ ವಾಕಿಂಗ್, ಮಧ್ಯಾಹ್ನದ ನಿದ್ದೆ. ಕುಕ್ಕರಿನ ವಿಷಲ್ ಕೂಗಿದಾಗಲೆಲ್ಲ ಒತ್ತಡ ಎಷ್ಟಿದೆಯೋ ಎಂದು ಎದ್ದು ಹೋಗಿ ನೋಡುತ್ತಿದ್ದರು. ಆಗ ಇಂಚರ ಫೋನ್ ಮಾಡಿದಳು. ಗಣಪತಿ ಹದಿನೈದು ದಿನದಿಂದ ಹೆಬ್ಬೆಟ್ಟು ಒತ್ತಿ ಹಾಜರಿ ಹಾಕಿಲ್ಲವೆಂದು ಕಂಪ್ಯೂಟರು ನೋಟಿಸು ಹೊರಡಿಸಿತ್ತು. ಅದನ್ನು ಮೂರ್ತಿಯ ಹೊಟ್ಟೆಗೆ ಅಂಟಿಸಿದ್ದರು. ಉತ್ತರ ಬಾರದೆ ವಕೀಲರನ್ನು ಕೇಳಿದರೆ, ಕಾನೂನಿನ ಕಣ್ಣಿಗೆ ದೇವರು ಸದಾ ಅಪ್ರಾಪ್ತ ವಯಸ್ಕ, ಪೋಷಕರು ಬೇಕೇ ಬೇಕು ಎಂದರಂತೆ.

"ಮೇಡಂ, ಸೇರಿಸ್ದೋರು ನೀವೇ ಅಲ್ವಾ," ಎಂದಳು.

ಮಾರನೆಯ ದಿನ ಒಂಬತ್ತೂವರೆಗೆ ಪೋಷಕಿ ಹಾಜರಾದರು. ಹೊಟ್ಟೆಯ ಮೇಲಿನ ನೋಟಿಸನ್ನು ಒದ್ದೆ ಬಟ್ಟೆಯಿಂದ ನೆನೆಸಿ ಬಿಡಿಸಿದರು. ಮಗುವಿನ ಪರವಾಗಿ ಹೆಬ್ಬೆಟ್ಟು ಒತ್ತಿದರು. ಸಾಯಂಕಾಲ ಮತ್ತೆ ಒತ್ತಬೇಕಿದ್ದುದರಿಂದ ಅಲ್ಲಿಯವರೆಗೆ ಎಲ್ಲಿ ಕೂರುವುದೆಂದು ತೋಚದೆ ತಮ್ಮ ಹಳೆಯ ಸ್ಟೂಲಿಗೇ ಹೋದರು.

ಜೂನಿನಲ್ಲಿ ಹತ್ತನೆಯ ತುಂಡು ಕೊಯ್ದರು. ಅಂಚು ಹಿಂದಿನ ವರ್ಷಕ್ಕಿಂತ ಎರಡು ಕೂದಲೆಳೆಯಷ್ಟು ಮಾತ್ರ ಒಳಗೆ ಬಂದಿತ್ತು. ಉಳಿದ ಒಡಲೆಲ್ಲ ಗುಲಾಬಿಗೆ ತಿರುಗುವುದನ್ನು ಅವರು ಕನ್ನಡಕ ಒರೆಸಿಕೊಂಡು ನೋಡಿದರು. ವರದಿಯ ಕೆಳಗೆ 'ಗಣಪತಿಯ ಪರವಾಗಿ' ಎಂದು ಬರೆದು ಸಹಿ ಹಾಕಿದರು. ಗಿರಾಕಿ ಅಂಕಿಗಳನ್ನೆಲ್ಲ ಒಪ್ಪಿಕೊಂಡ. ಶ್ರೀಯುತ ಗಣಪತಿಯವರು ಎಲ್ಲಿ ಓದಿದ್ದು ಎಂದಷ್ಟೇ ಕೇಳಿ ಕಳಿಸಿದ.