ಕೀ ತೆಗೆದರೂ ಆರದ ದೀಪ

ಕೊರೊನಾ ಮುಗಿದ ಮರುವರ್ಷ. ಸೇಲಂ ಜಿಲ್ಲೆಯ ನಂಗವಳ್ಳಿಯಲ್ಲಿ ನಾನು ಬೈಕುಗಳ ಎಲೆಕ್ಟ್ರಿಕಲ್ ಕೆಲಸ ಹಿಡಿದು ಆಗಲೇ ಇಪ್ಪತ್ತಾರು ವರ್ಷ ಆಗಿತ್ತು. ಆ ವರ್ಷದ ಒಂದು ಕೇಸು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಕೊಳತ್ತೂರಿನ ಮಾದೇಶ ಮೆಟ್ಟೂರು ಅಣೆಕಟ್ಟಿನ ಹಿನ್ನೀರಿನ ದಡದಿಂದ ಮೀನು ತಂದು ನಮ್ಮೂರಲ್ಲಿ ಮಾರುವವನು. ಹದಿನೈದು ವರ್ಷದ ಹಳೆಯ ಬೈಕು, ಅದೂ ಸೆಕೆಂಡ್ ಹ್ಯಾಂಡ್. ಪೋಲಿಯೋದಿಂದ ಬಲಗಾಲು ಸೊರಗಿದ್ದರಿಂದ ಕಿಕ್ ಹೊಡೆಯಲಾರ. ಸೆಲ್ಫ್ ಸ್ಟಾರ್ಟ್ ಒಂದೇ ಗತಿ. ಮೀನಿಲ್ಲದೆ ಎರಡು ದಿನ ಬೈಕು ನಿಂತರೆ ಸಾಕು, ಬ್ಯಾಟರಿ ಸತ್ತಿರುತ್ತಿತ್ತು.

"ಅಣ್ಣಾ, ಇನ್ನೊಂದ್ ದಪಾ ಲೇಟಾದ್ರೆ ಮೀನ್ ಬೇರೆಯವ್ನಿಗೆ ಅಂತ ಮೀನ್ ಕೊಡೋ ಮೇಸ್ತ್ರಿ ಯೋಳ್ಬುಟ್ಟವ್ನೆ. ಬ್ಯಾಟ್ರಿ ಅಂದ್ರೆ ಯಾರೂ ನಂಬಾಕಿಲ್ಲ, ಎಲ್ಲಾ ನನ್ ಕಾಲ್ನೇ ನೋಡ್ತಾರೆ" ಎಂದ.

ಅಷ್ಟರಲ್ಲಿ ಆರು ತಿಂಗಳಲ್ಲಿ ಮೂರು ಬ್ಯಾಟರಿ ಬದಲಾಗಿದ್ದವು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಮ್ಮದು. ಒಬ್ಬನೂ ಮೀಟರ್ ಇಟ್ಟು ನೋಡಿರಲಿಲ್ಲ. ಮೂರನೆಯದನ್ನು ಕೂಡಿಸಿದವನು ನಾನೇ.

ಅದೂ ಸತ್ತಾಗ ನಾಚಿಕೆಯಾಯಿತು. ಅದನ್ನು ಚಾರ್ಜ್ ಮಾಡಿ, ಕೀ ತೆಗೆದು, ನೆಗೆಟಿವ್ ವೈರ್ ಬಿಚ್ಚಿ, ನಡುವೆ ಮೀಟರ್ ಸೇರಿಸಿದೆ. ಗಡಿಯಾರ, ಅಲಾರಂ ಯಾವುದೂ ಇಲ್ಲದ ಬೈಕಿನಲ್ಲಿ ಸೊನ್ನೆ ಬರಬೇಕು. ಬಂದದ್ದು 250 ಮಿಲಿ ಆಂಪಿಯರ್. ಒಂಬತ್ತು ಆಂಪಿಯರ್ ಅವರ್ ಬ್ಯಾಟರಿಯನ್ನು ಅದು ಒಂದೂವರೆ ದಿನದಲ್ಲಿ ಕುಡಿದು ಮುಗಿಸುತ್ತದೆ. ಫ್ಯೂಸ್ ಕಿತ್ತೆ, ಮುಳ್ಳು ಅಲುಗಲಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ರೆಕ್ಟಿಫೈಯರ್ ಬಿಚ್ಚಿದೆ, ಆಗಲೂ ಅಷ್ಟೇ. ಅಂದರೆ ಯಾವನೋ ಫ್ಯೂಸ್ ತಪ್ಪಿಸಿ ಬ್ಯಾಟರಿಗೇ ನೇರ ವೈರ್ ಎಳೆದಿದ್ದಾನೆ.

ಸೀಟು, ಟ್ಯಾಂಕ್ ಎರಡನ್ನೂ ಇಳಿಸಿದೆ. ಐಸ್ ಪೆಟ್ಟಿಗೆಯಿಂದ ಸೋರಿದ ಮೀನಿನ ಲೋಳೆ, ಹುರುಪೆ, ಗಬ್ಬು ನಾತ. ಆ ಕೊಳಕಿನ ನಡುವೆ ದೀಪ ಮಿಣುಕಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಫ್ಲ್ಯಾಶರ್ ಪೆಟ್ಟಿಗೆ ಕೊಳೆತು ಕೂತಿತ್ತು. ಮುಟ್ಟಿದರೆ ಬೆಚ್ಚಗಿತ್ತು. ವೈರ್ ಕತ್ತರಿಸಿದೆ, ಮೀಟರ್ ಸೊನ್ನೆಗೆ ಬಂತು.

"ಯಾವ ಅಯೋಗ್ಯ ಮಾಡಿದ್ದು ಇದ್ನ?" ಎನ್ನುತ್ತಾ ಜಾಯಿಂಟ್ ತಿರುಗಿಸಿ ನೋಡಿದೆ. ಟೇಪಿನ ಮೇಲೆ ಮಗ್ಗದ ನೂಲು, ಮೂರು ಸುತ್ತು. ಹಾಗೆ ನೂಲು ಸುತ್ತುವವನು ಈ ಊರಲ್ಲಿ ನಾನೊಬ್ಬನೇ.

ಎಲ್ಲ ನೆನಪಾಯಿತು. ಬೈಕಿನ ಹಿಂದಿನ ಮಾಲೀಕ ಹ್ಯಾಂಡಲ್ ಮೇಲೆ ಮಾದಪ್ಪನ ಪಟ ಕೂಡಿಸಿ, ಸುತ್ತ ಮಿಣಮಿಣ ದೀಪ ಹಾಕಿಸಿದ್ದ. "ಕೀ ತಗುದ್ರೂ ಸಾಮಿ ದೀಪ ಆರ್ಬಾರ್ದು ಕಣಪ್ಪಾ" ಎಂದಿದ್ದ. ನಮ್ಮ ಕಡೆ ದೇವರ ದೀಪವನ್ನು ಯಾರೂ ಕೈಯಾರೆ ಆರಿಸುವುದಿಲ್ಲ. ನಾನು ಭಕ್ತಿಯಿಂದಲೇ ನೇರ ವೈರ್ ಕೊಟ್ಟಿದ್ದೆ. ಬೈಕು ಮಾರುವಾಗ ಅವನು ಪಟ ಬಿಚ್ಚಿಕೊಂಡು ಹೋಗಿದ್ದ, ಪೆಟ್ಟಿಗೆ ಒಳಗೇ ಉಳಿದಿತ್ತು. ಮೀನಿನ ನೀರು ಇಳಿದು, ದೀಪ ಇಲ್ಲದಿದ್ದರೂ ಅದು ಕರೆಂಟು ಎಳೆಯುತ್ತಿತ್ತು. ಆಮೇಲೆ ಬಣ್ಣ ಬೇರೆ ಹೊಡೆಸಿದ್ದರಿಂದ ನನಗೆ ಬೈಕಿನ ಗುರುತೂ ಹತ್ತಿರಲಿಲ್ಲ.

"ಇದು ನಾನೇ ಮಾಡಿದ್ದು ಮಾದೇಶ" ಎಂದೆ. ಅವನು ಬೈಯಲಿ ಎಂದು ಕಾದೆ.

"ಆರ್ ತಿಂಗ್ಳಿಂದ ನಾನೂ ನನ್ ಕಾಲ್ನೇ ಬೈಕೊಂಡಿದ್ದೀನಿ ಅಣ್ಣಾ" ಎಂದ. ಟ್ಯಾಂಕ್, ಸೀಟು ಕೂಡಿಸಿ ಕೊಟ್ಟ ಮೇಲೆ ಸೆಲ್ಫ್ ಒತ್ತಿದ, ಒಂದೇ ಒತ್ತಿಗೆ ಎಂಜಿನ್ ಎದ್ದಿತು. ತಿರುಗಿ ನೋಡದೆ ಹೋದ.

ಈಗ ಮೀಟರ್ ಇಡದೆ ನಾನು ಯಾವ ಬೈಕಿಗೂ ಬ್ಯಾಟರಿ ಕೂಡಿಸುವುದಿಲ್ಲ. ಬಂದವರ ಮಾತು ನಂಬದೆ ಅವರ ಕೈಕಾಲು ನೋಡುವ ಚಾಳಿಯನ್ನೂ ಬಿಟ್ಟಿದ್ದೇನೆ. ಮಾದೇಶನ ಮೀನಿನ ಕೆಲಸ ಉಳಿಯಿತು. ದಿನವೂ ನನ್ನ ಅಂಗಡಿ ಮುಂದೆಯೇ ಹೋಗುತ್ತಾನೆ. ಹೋದ ತಿಂಗಳು ಹಾರ್ನ್ ಕೆಟ್ಟಾಗ ಮೆಟ್ಟೂರಿಗೆ ಹೋಗಿ ಮಾಡಿಸಿಕೊಂಡನಂತೆ. ಅವನು ಮಾಡಿದ್ದೇ ಸರಿ.