ಕಾಯಂ ಅತಿಥಿ
‘ನನ್ನನ್ನ ಕದಲಿಸೋ ಗಂಡು ತರೀಕೆರೇಲಿ ಹುಟ್ಟಿಲ್ಲ ಕಣ್ರೀ’ ಎನ್ನುತ್ತಿದ್ದರು ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕ ಓಂಕಾರೇಶ್ ಮೇಷ್ಟ್ರು. ಅಂಗಳದ ಆಲ ಸಸಿಯಾಗಿದ್ದಾಗಲೂ ಅವರು ಅತಿಥಿ, ಅದು ಬಿಳಲು ಬಿಟ್ಟ ಮೇಲೂ ಅತಿಥಿ. ಪ್ರತಿ ಜೂನ್‌ನಲ್ಲೂ ಕೆಲಸಕ್ಕೆ ಹೊಸದಾಗಿ ಅರ್ಜಿ ಹಾಕಬೇಕು. ಅವರ ಟೆಲೊಮರೇಸ್ ಕಿಣ್ವದ ಪಾಠಕ್ಕಂತೂ ಕೂತ ಬೆಂಚೂ ಚಿಗುರಬೇಕು: ‘ಜೀವಕೋಶ ಒಡೆದು ಎರಡಾದಾಗಲೆಲ್ಲ ವರ್ಣತಂತುವಿನ ತುದಿ ಸವೆಯುತ್ತೆ ಕಣ್ರಪ್ಪಾ. ಸೆರಗಿಗೆ ಕುಚ್ಚು ಕಟ್ಟೋ ಹಾಗೆ ಈ ಕಿಣ್ವ ಅದನ್ನ ಮತ್ತೆ ಕಟ್ಟುತ್ತೆ. ಆದ್ರೆ ಚಿಗುರಲ್ಲಿ ಮಾತ್ರ. ಬಲಿತ ಎಲೇಲಿ ಅದರ ಕೆಲಸ ನಿಂತ್ಹೋಗುತ್ತೆ.’ ಈ ಜೂನ್‌ನಲ್ಲಿ, ಅವರ ಶಿಷ್ಯನೇ ಆದ ಪ್ರಾಂಶುಪಾಲ ಅವರನ್ನು ಕೈಬಿಟ್ಟು ಹೊಸಬನನ್ನು ತೆಗೆದುಕೊಂಡ. ‘ನೀವೇ ಹೇಳಿಕೊಟ್ಟಿದ್ದಲ್ವಾ ಸಾರ್, ಕೆಲಸ ನಡೆಯೋದು ಚಿಗುರಲ್ಲಿ’ ಎಂದು ನಕ್ಕ. ಮೇಷ್ಟ್ರು ಕೊಡೆ ಹಿಡಿದು ಎದ್ದರು: ‘ನೀನು ಯಾವಾಗಲೂ ಅರ್ಧ ಪಾಠಕ್ಕೇ ಎದ್ದು ಹೋಗ್ತಿದ್ದೆ ಕಣೋ. ಆ ಚಿಗುರಿಗೆ ಅನ್ನ ಬೇಯಿಸಿ ಕಳಿಸೋದು ಬಲಿತ ಎಲೆ.’