ಡಿಡಿಆರ್ ಮೂರೋ, ನಾಲ್ಕೋ

ಹೊಸ ರ‍್ಯಾಮ್ ಕಂಪ್ಯೂಟರಿನ ಸ್ಲಾಟಿನಲ್ಲಿ ಕೂರಲಿಲ್ಲ. ತಿರುಗಿಸಿ ಇಟ್ಟೆ, ಆಗಲೂ ಇಲ್ಲ. ಈ ಮೆಮೊರಿ ಪಟ್ಟಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಒಂದೊಂದು ತಲೆಮಾರಿನ ರ‍್ಯಾಮಿಗೆ ಅದರ ಜಾಗ ಬೇರೆ, ತಪ್ಪಾದದ್ದನ್ನು ಯಾರೂ ತುರುಕಬಾರದೆಂದು. ನಾನು ತಂದದ್ದು ನಾಲ್ಕನೆಯ ತಲೆಮಾರಿನದು, ಡಿಡಿಆರ್ ಫೋರ್. ಒಳಗಿದ್ದದ್ದನ್ನು ಕಿತ್ತು ನೋಡಿದರೆ ಡಿಡಿಆರ್ ತ್ರೀ.

ವಿಜಯಪುರದ ಹೊರಗೆ, ತೊರವಿ ಹತ್ತಿರದ ಬಾಡಿಗೆ ಕೋಣೆಯಲ್ಲಿ ಕೂತು ಬೇರೆಯವರ ಪಿಎಚ್‌ಡಿ ಪ್ರಬಂಧಗಳನ್ನು ತಿದ್ದುವುದು ನನ್ನ ಕೆಲಸ. ದೊಡ್ಡ ಫೈಲು ತೆರೆದರೆ ಕಂಪ್ಯೂಟರ್ ನಿಂತುಬಿಡುತ್ತಿತ್ತು, ಅದಕ್ಕೇ ರ‍್ಯಾಮ್ ತಂದದ್ದು. ಅಂಗಡಿಯವರು ಬದಲಿಸಿ ಕೊಟ್ಟಾರು. ಆದರೆ ಇದರಲ್ಲಿರುವುದು ಫೋರ್ ಎಂದು ನನಗೆ ಖಾತ್ರಿಯಿತ್ತು. ನಾನೂ ನನ್ನ ಎಂ.ಎ. ಸಹಪಾಠಿಯೂ ಸೇರಿ ಒಂದು ಮಧ್ಯಾಹ್ನ ಇದನ್ನು ಜೋಡಿಸಿದ್ದೆವು. ತ್ರೀ ಸಾಕೆಂದು ನಾನು, ಫೋರೇ ಬೇಕೆಂದು ಅವನು ಜಗಳಾಡಿ, ಅವನೇ ಗೆದ್ದಿದ್ದ. ಈ ಊರಿನಲ್ಲಿ ನನಗೂ ಒಬ್ಬ ಜೊತೆಗಾರನಿದ್ದ ಎನ್ನಲು ನಾನು ನೆನೆಯುತ್ತಿದ್ದದ್ದು ಆ ಮಧ್ಯಾಹ್ನವನ್ನೇ. ಅದು ನಡೆದೇ ಇರಲಿಲ್ಲವೇ?

ಅವನನ್ನೇ ಕೇಳೋಣವೆಂದು ಮರುದಿನ ತಿಕೋಟಾ ಬಸ್ಸು ಹತ್ತಿದೆ. ಅವನು ಈಗ ಅಲ್ಲಿ ಒಣದ್ರಾಕ್ಷಿ ವ್ಯಾಪಾರಿ. ದ್ರಾಕ್ಷಿಗೆ ಹಾಕಿದ ಗಂಧಕದ ವಾಸನೆಯ ಗೋದಾಮಿನಲ್ಲಿ, ಬಾಕ್ಸುಗಳ ನಡುವೆ ಕೂತಿದ್ದ.

"ಲೇ, ಫೋರ್ ಹಾಕಿದ್ದು ನನ್ನ ಮಷೀನಿಗೆ," ಎಂದ. "ಇದ ಟೇಬಲ್ ಮ್ಯಾಲ ಜೋಡಿಸಿದ್ವಿ."

"ಮತ್ತ ನಂದು?"

"ನಿಂದು ಅದಕ್ಕಿಂತ ಮೊದಲ ನೀನ ಜೋಡಿಸಿದ್ದು. ಅವತ್ತ ನಾ ಬಂದ ಇಲ್ಲ. ಬರ್ತೀನಂತ ಹೇಳಿ ಬರಲಿಲ್ಲಂತ ಫೋನ್ ಹಚ್ಚಿ ಬೈದಿದ್ದಿ. ದೇವರನ್ನ ನಂಬಾವಲ್ಲ, ಇದನ್ನ ಹೆಂಗ ನಂಬಿದ್ಯೋ ಮಾರಾಯಾ?"

ನಾವು ಜೋಡಿಸಿದ್ದ ಆ ಯಂತ್ರವೂ ಅಲ್ಲಿರಲಿಲ್ಲ. ಡಿಡಿಆರ್ ಫೈವ್ ಬೇಕೆಂದು ಹೋಗಿದ್ದನಂತೆ. ಹಳೆಯ ಬೋರ್ಡಿಗೆ ಅದು ಹೊಂದದೆ ಬೋರ್ಡು, ಪ್ರೊಸೆಸರ್ ಎಲ್ಲವನ್ನೂ ಬದಲಿಸಿದ್ದ.

"ಜೋರ್ ಆಗೇತೇನು?"

"ಬಿಲ್ ಹೊಡಿಯಾಕ ಏನೂ ಫರಕ್ ಇಲ್ಲ ಬಿಡು. ಮಗಳ ಗೇಮ್ ಮಾತ್ರ ಕುದರಿ ಓಡಿದಂಗ ಓಡ್ತೈತಿ."

ಅವನಿಗೆ ಗಿರಾಕಿಯ ಫೋನು ಬಂತು. ಸನ್ನೆಯಲ್ಲೇ ಚಹಾ ಹೇಳಿದ. ಕುಡಿದು ಮುಗಿಸಿದರೂ ಅವನ ಮಾತು ಮುಗಿಯಲಿಲ್ಲ. ಕೈ ಎತ್ತಿ ಹೊರಟೆ.

ವಿಜಯಪುರದ ಅಂಗಡಿಯಲ್ಲಿ ಬಳಸಿದ್ದೊಂದು ಡಿಡಿಆರ್ ತ್ರೀ ಸಿಕ್ಕಿತು. ಕೋಣೆಗೆ ಬಂದು ಒತ್ತಿದೆ, ಟಕ್ಕೆಂದು ಕೂತಿತು. ದೊಡ್ಡ ಫೈಲು ನಿಲ್ಲದೆ ತೆರೆಯಿತು. ನನ್ನ ಕೆಲಸಕ್ಕೆ ಬೇಕಿದ್ದದ್ದು ಹೆಚ್ಚು ಜಾಗ, ಹೊಸ ತಲೆಮಾರಲ್ಲ. ಮುಚ್ಚಳದ ಸ್ಕ್ರೂ ಬಿಗಿಯುತ್ತ, ಮೊದಲ ಸಲ ಇದನ್ನು ಜೋಡಿಸಿದ ದಿನವನ್ನು ನೆನೆಯಲು ನೋಡಿದೆ: ಬಾಗಿಲು ನೋಡುತ್ತ ಕಾದದ್ದು, ಫೋನಿನಲ್ಲಿ ಬೈದದ್ದು. ಏನೂ ನೆನಪಿಗೆ ಬರಲಿಲ್ಲ. ಈ ಸಲ ಮಾತ್ರ ನಾನೊಬ್ಬನೇ ಇದ್ದೆ, ಅದರಲ್ಲಿ ಅನುಮಾನವಿಲ್ಲ.